ಸೀಟಿಗೂ ಗೋಲಿಗೂ ನಡುವೆ

ಜೂನ್ 5, ಶುಕ್ರವಾರ

…ಕೈಗೂ ಬಾಯಿಗೂ ನಡುವೆ ಇರುವಷ್ಟೇ ಹೊತ್ತು ನಮ್ಮದು ಎಂದಿದ್ದರೋ, ಅಷ್ಟು ಹೊತ್ತಾದರೂ ನಮ್ಮದಾಗಿರಲಿ ಎಂದಿದ್ದರೋ, ಈಗ ಸರಿಯಾಗಿ ನೆನಪಿಲ್ಲ. ಇಪ್ಪತ್ತು ವರ್ಷದ ಹಿಂದೆ ನನಗೆ ಹಾಕಿ ಅಂಪೈರಿಂಗ್ ಕಲಿಸಿದ ಹೆಂಗಸು ಹೇಳಿದ ಮಾತು. ಸೀಟಿಯನ್ನು ಬಾಯಲ್ಲಿ ಕಚ್ಚಿಕೊಂಡು ಓಡಬಾರದು, ಕೈಯಲ್ಲಿ ಹಿಡಿದಿರಬೇಕು, ಕೈ ಬಾಯಿಗೆ ಬರುವಷ್ಟರಲ್ಲಿ ಒಂದು ಯೋಚನೆಗೆ ಜಾಗ ಸಿಗುತ್ತದೆ ಎಂಬುದು ಅದರ ಅರ್ಥ. ನಾನು ತಲೆಯಾಡಿಸಿದೆ, ಮರುದಿನದಿಂದ ಕಚ್ಚಿಕೊಂಡೇ ಓಡಿದೆ. ಬೇಗ ಊದುವವಳು ಎಂದು ಹೆಸರು ಬಂತು. ಒಳ್ಳೆಯ ಅರ್ಥದಲ್ಲೇ ಬಂತು. ಇವಳಿದ್ದರೆ ಆಟ ಕೈ ಮೀರುವುದಿಲ್ಲ ಎನ್ನುತ್ತಿದ್ದರು.

ಎಂಟು ದೇಶಗಳ ಮಹಿಳಾ ತಂಡಗಳು, ಹನ್ನೊಂದು ದಿನ, ಅಂಪೈರುಗಳು ಹದಿನಾಲ್ಕು ಮಂದಿ. ನಮ್ಮ ಹೋಟೆಲು ರಸ್ತೆಯ ಈಚೆ, ತಂಡಗಳದ್ದು ಆಚೆ. ನಮಗೂ ಅವರಿಗೂ ಮಾತಿಲ್ಲ. ಮುನಿಸಿನಿಂದಲ್ಲ, ಪದ್ಧತಿಯಿಂದ. ಟೂರ್ನಿ ಮುಗಿಯುವವರೆಗೆ ಆಟಗಾರ್ತಿಯರ ಜೊತೆ ಕಾಫಿ ಕುಡಿಯುವಂತಿಲ್ಲ, ಕೊಟ್ಟ ತೀರ್ಪನ್ನು ವಿವರಿಸುವಂತಿಲ್ಲ, ಕ್ಷಮೆ ಕೇಳುವ ಮಾತಂತೂ ಇಲ್ಲವೇ ಇಲ್ಲ. ಬೇರೆ ಬಸ್ಸು, ಬೇರೆ ಬಾಗಿಲು. ಮೈಲಿಗೆಯವರ ಹಾಗೆ ಓಡಾಡುತ್ತೇವೆ. ನನಗದು ಒಗ್ಗಿದೆ. ಒಗ್ಗಿದೆ ಎನ್ನುವುದಕ್ಕಿಂತ ಹಿತವಾಗಿದೆ.

ಇದು ನನ್ನ ಕೊನೆಯ ಟೂರ್ನಿ. ವರ್ಷದ ಕೊನೆಗೆ ವಯಸ್ಸಿನ ಮಿತಿ ಮುಟ್ಟುತ್ತೇನೆ, ಪಟ್ಟಿಯಿಂದ ಹೆಸರು ತಾನಾಗಿ ಉದುರುತ್ತದೆ. ಮೊದಲ ಪಂದ್ಯ ನಿನ್ನೆ ಆಯಿತು. ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಅಂಪೈರಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಬೆಳಿಗ್ಗೆ ಮನೆಗೆ ಫೋನ್ ಮಾಡಿದೆ. ನಮ್ಮವರು ಗ್ರಂಥಾಲಯವೊಂದರಲ್ಲಿ ಹಳೆಯ ಪುಸ್ತಕಗಳಿಗೆ ಬೈಂಡಿಂಗ್ ಹಾಕುವ ಕೆಲಸದಲ್ಲಿದ್ದಾರೆ. ಕೆಲವು ಅಕ್ಷರಗಳ ಮುಂದೆ ಅವರ ಮಾತು ಬಂದು ನಿಂತುಬಿಡುತ್ತದೆ, ಚಿಕ್ಕಂದಿನಿಂದ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವು ಯಾವ ಅಕ್ಷರ, ಅವುಗಳ ಆಚೆ ಯಾವ ಮಾತು ಕಾದಿದೆ ಎಂಬುದೆಲ್ಲ ನನಗೆ ಬಾಯಿಪಾಠ. ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ನೆಂಟರ ಮನೆಯಲ್ಲಿ ನಾನೇ ಮುಗಿಸುತ್ತೇನೆ. ಜಗಳವಿಲ್ಲದೆ ನಡೆದು ಬಂದ ಏರ್ಪಾಡು. ದೊಡ್ಡವರಿಗೆ ಸಂಜೆ ಹೊತ್ತು ಕಸುಬು ಕಲಿಸುವ ಶಾಲೆಯವರು ಮತ್ತೆ ಬಂದಿದ್ದರಂತೆ, ಹನ್ನೆರಡು ವಾರ ಬೈಂಡಿಂಗ್ ಕಲಿಸಿಕೊಡಿ ಎಂದು. ಅದಕ್ಕೆ ನಾನು, ಎಂದು ಇವರು ನಿಂತರು. ಬೇಡ ಅಂದ್ರಲ್ಲ, ಒಳ್ಳೇದಾಯ್ತು ಬಿಡಿ, ಅಷ್ಟು ಜನರ ಮುಂದೆ ನಿಂತು ಯಾಕೆ ಒದ್ದಾಡಬೇಕು, ಎಂದೆ. ಆಮೇಲೆ ಅತ್ತೆಯ ಮಾತ್ರೆಯ ವಿಷಯ ಬಂತು.

ಜೂನ್ 8, ಸೋಮವಾರ

ನಿಯಮದ ಪ್ರಕಾರ ನಾನು ಮಾಡಿದ್ದರಲ್ಲಿ ತಪ್ಪಿಲ್ಲ. ಚೆಂಡು ಹಳದಿ ತಂಡದವಳ ಕಾಲಿಗೆ ತಗುಲಿತು. ತಗುಲಿದ್ದು ಗೋಲಿನ ಮುಂದಿನ ಸರ್ಕಲ್ ಒಳಗೆ. ಹಾಗಾದಾಗ ಎದುರು ತಂಡಕ್ಕೆ ಪೆನಾಲ್ಟಿ ಕಾರ್ನರ್, ಎಂದರೆ ಆಟ ನಿಲ್ಲಿಸಿ ಗೋಲುಗೆರೆಯಿಂದ ಚೆಂಡು ಹೊರಗೆ ತಳ್ಳಿ ಗೋಲಿಗೆ ಹೊಡೆಯುವ ಒಂದು ಅವಕಾಶ. ಊದಿದೆ. ಕೊಟ್ಟೆ.

ಊಟ ಸೇರಲಿಲ್ಲ.

ಜೂನ್ 9, ಮಂಗಳವಾರ

ನಿನ್ನೆ ಬರೆದದ್ದನ್ನು ಓದಿದೆ. ಪೊಲೀಸರಿಗೆ ಕೊಟ್ಟ ಹೇಳಿಕೆಯ ಹಾಗಿದೆ. ಆದದ್ದನ್ನು ಆದ ಹಾಗೆ ಬರೆಯಬೇಕು.

ನೀಲಿ ತಂಡ ಗೆದ್ದರೆ ಸೆಮಿಫೈನಲ್, ಇಲ್ಲದಿದ್ದರೆ ಇಲ್ಲ. ಒಂದು–ಒಂದು, ಸಮ. ಇನ್ನು ಎರಡು ನಿಮಿಷ. ನೀಲಿಯ ಹನ್ನೊಂದನೆಯ ನಂಬರಿನವಳು ಬಲಗಡೆಯಿಂದ ಸರ್ಕಲ್ಲಿಗೆ ನುಗ್ಗಿದಳು. ಮೂವತ್ತೈದು ದಾಟಿದ ಹೆಂಗಸು, ಎರಡೂ ಮೊಣಕಾಲಿಗೆ ಪಟ್ಟಿ. ಅವಳಿಗೂ ಇದೇ ಕೊನೆಯ ಟೂರ್ನಿ ಎಂದು ಪತ್ರಿಕೆಯಲ್ಲಿ ಬಂದಿತ್ತು. ಅವಳು ತಳ್ಳಿದ ಚೆಂಡು ಹಳದಿಯವಳ ಪಾದಕ್ಕೆ ಬಡಿದು ಸಿಡಿಯಿತು. ಸೀಟಿ ನನ್ನ ಹಲ್ಲುಗಳ ನಡುವೆಯೇ ಇತ್ತು. ಊದಿದೆ. ಊದಿದ ಮೇಲೆ ನೋಡಿದೆ: ಸಿಡಿದ ಚೆಂಡು ಬೇರೆಲ್ಲೂ ಹೋಗದೆ ಹನ್ನೊಂದರ ಸ್ಟಿಕ್ಕಿಗೇ ವಾಪಸು ಬಂದಿತ್ತು, ಅವಳು ಒಂದೇ ಏಟಿಗೆ ಹೊಡೆದೂ ಆಗಿತ್ತು. ಗೋಲಿನ ಹಿಂಬದಿಯ ಹಲಗೆಗೆ ಚೆಂಡು ಬಡಿದ ಸದ್ದು ನನ್ನ ಸೀಟಿಯ ಬೆನ್ನಿಗೇ ಬಂತು.

ಬೆನ್ನಿಗೆ ಬಂತು, ಮೊದಲು ಬರಲಿಲ್ಲ. ಸೀಟಿ ಊದಿದ ಕ್ಷಣಕ್ಕೆ ಆಟ ಸತ್ತಿತು. ಸತ್ತ ಆಟದಲ್ಲಿ ಬಿದ್ದ ಗೋಲು ಗೋಲಲ್ಲ. ಅವಳಿಗೆ ಸೀಟಿ ಕೇಳಿಸಿರಲಿಲ್ಲ. ಕೈಯೆರಡೂ ಮೇಲೆತ್ತಿಕೊಂಡು ಹತ್ತು ಹೆಜ್ಜೆ ಓಡಿದಳು. ಆಮೇಲೆ ತನ್ನ ಹಿಂದೆ ಯಾರೂ ಓಡಿ ಬರುತ್ತಿಲ್ಲವೆಂದು ತಿರುಗಿ ನೋಡಿದಳು. ನಾನು ಎರಡು ಕೈ ಚಾಚಿ ಪೆನಾಲ್ಟಿ ಕಾರ್ನರ್ ತೋರಿಸುತ್ತ ನಿಂತಿದ್ದೆ. ಅವಳು ಬೈಯಲಿಲ್ಲ. ಬೈದಿದ್ದರೆ ಕಾರ್ಡ್ ತೋರಿಸಬಹುದಿತ್ತು, ನನಗೂ ಮಾಡಲು ಒಂದು ಕೆಲಸ ಸಿಗುತ್ತಿತ್ತು. ಕಾರ್ನರ್ ಹಾಳಾಯಿತು. ಆಟ ಸಮವಾಗಿಯೇ ಮುಗಿಯಿತು. ನೀಲಿ ಸೆಮಿಫೈನಲ್‌ನಿಂದ ಹೊರಗೆ, ಇನ್ನು ಕೆಳಗಿನ ಸ್ಥಾನಗಳ ಪಂದ್ಯಗಳಷ್ಟೇ ಅವರಿಗೆ.

ಬೇರೆ ಯಾವ ಕೆಲಸದವರಿಗೂ ಮಾಡಲಾಗದ ತಪ್ಪು ಇದು. ಅನ್ಯಾಯವಾದವಳ ಪರವಾಗಿಯೇ ಊದಿ ಅವಳಿಗೆ ಅನ್ಯಾಯ ಮಾಡುವುದು.

ಇವತ್ತು ಹತ್ತು ಗಂಟೆಗೆ ಮೀಟಿಂಗ್ ರೂಮಿನಲ್ಲಿ ವೀಡಿಯೊ. ಅಂಪೈರುಗಳ ಮೇಲ್ವಿಚಾರಕಿಯನ್ನು ನಾವೆಲ್ಲ ಮೇಡಂ ಎನ್ನುತ್ತೇವೆ. ಹಿಂದೆ ಗೋಲ್‌ಕೀಪರ್ ಆಗಿದ್ದವರು, ಈಗ ದಪ್ಪ ಕನ್ನಡಕ, ಸಣ್ಣ ದನಿ. ಯಾರನ್ನೂ ಗದರುವುದಿಲ್ಲ, ಅದೇ ಕಷ್ಟ. ಚಿತ್ರವನ್ನು ನಿಲ್ಲಿಸಿ ನಿಲ್ಲಿಸಿ ಓಡಿಸಿದರು. ಕಾಲಿಗೂ ಸೀಟಿಗೂ ನಡುವೆ ಅರ್ಧ ಸೆಕೆಂಡೂ ಇಲ್ಲ. ಸೀಟಿಗೂ ಗೋಲಿಗೂ ನಡುವೆ ಒಂದು ಸೆಕೆಂಡೂ ಇಲ್ಲ. ಹದಿಮೂರು ಜನ ಅಂಪೈರುಗಳು ತಂತಮ್ಮ ಶೂ ನೋಡಿಕೊಂಡು ಕೂತಿದ್ದರು.

"ಕಾಲು ನೋಡಿದ್ರಿ," ಎಂದರು ಮೇಡಂ. "ಕಾಲು ನೋಡಿದ ತಕ್ಷಣ ಮುಂದಿನದೆಲ್ಲ ನಿಮಗೆ ಗೊತ್ತಾಗಿಬಿಡ್ತು."

"ಗೊತ್ತಾಗೋದೇ ನಮ್ಮ ಕೆಲಸ ಅಲ್ವಾ?"

"ಅಲ್ಲ. ಆಗಿದ್ದನ್ನ ಹೇಳೋದು ನಮ್ಮ ಕೆಲಸ. ಆಗೋದು ಅವರ ಕೆಲಸ."

ನಾಳೆ ನೀವು ಮೇಜಿನ ಹತ್ತಿರ ಕೂತಿರಿ ಎಂದರು. ಮೇಜು ಎಂದರೆ ಗಡಿಯಾರ ನೋಡುವವರು, ಬದಲಿ ಆಟಗಾರ್ತಿಯರ ನಂಬರು ಬರೆದುಕೊಳ್ಳುವವರು ಕೂರುವ ಜಾಗ. ಮೀಸಲು ಅಂಪೈರಿಗೂ ಅಲ್ಲೊಂದು ಕುರ್ಚಿ. ಇನ್ನೊಂದು ಪಂದ್ಯ ಕೊಡ್ತೀರಾ ಎಂದು ಕೇಳಿದೆ. ನೋಡೋಣ, ಎಂದರು. ಕೊಡದಿದ್ದರೆ ಇಪ್ಪತ್ತು ವರ್ಷದ ಕೊನೆಯಲ್ಲಿ ಉಳಿಯುವುದು ಆ ಒಂದು ಸೀಟಿ.

ಲಿಫ್ಟಿನ ಹತ್ತಿರ ಚಿಕ್ಕವಳು ಸಿಕ್ಕಳು. ಮೈದಾನದ ಒಂದೊಂದು ಅರ್ಧಕ್ಕೆ ಒಬ್ಬೊಬ್ಬ ಅಂಪೈರ್. ನಿನ್ನೆ ಇನ್ನೊಂದರ್ಧ ಅವಳದು. ಇಪ್ಪತ್ತೆಂಟು ವರ್ಷ. ಅವಳನ್ನು ಎಲ್ಲರೂ ಚಿಕ್ಕವಳು ಎಂದೇ ಕರೆಯುವುದು. ಆಟದ ನಡುವೆ ನಾವಿಬ್ಬರೂ ಕಿವಿಯಲ್ಲಿರುವ ರೇಡಿಯೊದಲ್ಲಿ ಮಾತಾಡುತ್ತಿರುತ್ತೇವೆ.

"ಅಕ್ಕ, ಬೇಜಾರು ಮಾಡ್ಕೋಬೇಡಿ. ಚೆಂಡು ಅವಳ ಹತ್ರಾನೇ ಇದೆ, ಆಡ್ಲಿ, ಅಂತ ಹೇಳೋಕೆ ಹೊರಟಿದ್ದೆ. ನಿಮ್ಮ ಜೊತೆ ನಿಂತಾಗೆಲ್ಲ ನಾನು ಅರ್ಧ ವಾಕ್ಯದಲ್ಲೇ ಇರ್ತೀನಿ."

ಹಾಗಾದರೆ ಬೇಗ ಮಾತಾಡು ಎಂದೆ. ಅವಳು ನಕ್ಕಳು. ನಾನು ತಮಾಷೆಗೆ ಹೇಳಿರಲಿಲ್ಲ.

ಜೂನ್ 10, ಬುಧವಾರ

ಯಾವ ಪಂದ್ಯಕ್ಕೆ ಯಾರು ಎಂಬ ಪಟ್ಟಿಯನ್ನು ಊಟದ ಕೋಣೆಯ ಬಾಗಿಲಿಗೆ ಅಂಟಿಸುತ್ತಾರೆ. ಕಾಫಿ ತರಲು ಹೋದವಳ ಹಾಗೆ ಹೋಗಿ ನೋಡಿದೆ. ಕೊನೆಯ ಸಾಲು: ಮೀಸಲು.

ನಾಲ್ಕು ಗಂಟೆ ಮೇಜಿನ ಪಕ್ಕ ಕೂತೆ. ಬಿಸಿಲು. ಪಂದ್ಯಕ್ಕೆ ಮೊದಲು ನೀರು ಚಿಮ್ಮಿಸಿ ಮೈದಾನ ತೋಯಿಸುತ್ತಾರೆ. ಒಳಗೆ ಓಡುವಾಗ ಅದು ಕಾಲಿಗೆ ಜಾರುವ ನೀರು ಮಾತ್ರ. ಪಕ್ಕದಲ್ಲಿ ಕೂತಾಗ ತಿಳಿಯಿತು, ಆ ನೀರಿಗೊಂದು ವಾಸನೆ ಇದೆ, ಹೊಸ ಛತ್ರಿಯ ವಾಸನೆ. ಕೂತಲ್ಲೇ ನನ್ನ ತುಟಿ ಆಗಾಗ ಮುಂದೆ ಬರುತ್ತಿತ್ತಂತೆ. ಗಡಿಯಾರದ ಹೆಂಗಸು ಹೇಳಿ ನಕ್ಕಳು.

ಮುಗಿದ ಮೇಲೆ ಗ್ಯಾಲರಿಯ ಕೆಳಗಿನ ಓಣಿಯಲ್ಲಿ ಹನ್ನೊಂದು ಎದುರಾದಳು. ಮೊಣಕಾಲಿಗೆ ಐಸ್ ಚೀಲ ಕಟ್ಟಿಕೊಂಡು ಕುಂಟುತ್ತಿದ್ದಳು. ಒಬ್ಬರು ಗೋಡೆಗೆ ಒತ್ತರಿಸಿದರೆ ಮಾತ್ರ ಇನ್ನೊಬ್ಬರು ದಾಟುವಷ್ಟು ಜಾಗ. ನಾನು ಬಾಯಿ ತೆರೆದೆ. ಪದ್ಧತಿ ನೆನಪಾಗಿ ಮುಚ್ಚಿದೆ. ಅವಳೇ ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟಳು, ಬಸ್ಸಿನಲ್ಲಿ ವಯಸ್ಸಾದವರಿಗೆ ಬಿಡುವ ಹಾಗೆ. ದಾಟಿಬಂದೆ.

ಅತ್ತೆ ಫೋನಿನಲ್ಲಿ ಹಿಡಿದುಕೊಂಡರು. ಸೋಮವಾರದ ಪಂದ್ಯವನ್ನು ಟೀವಿಯಲ್ಲಿ ನೋಡಿದರಂತೆ.

"ನೀನು ಊದಿದ್ದು ಕೇಳಿ ನಮ್ಮ ಕುಕ್ಕರೇ ಕೂಗ್ತು ಅಂದ್ಕೊಂಡೆ ಕಣೇ. ಹೋಗಿ ಒಲೆ ಆರಿಸಿದೆ. ಕಾಳು ಬೆಂದೇ ಇರ್ಲಿಲ್ಲ. ನಿನ್ನ ಗಂಡ ಮಾತಾಡದೆ ಜಗಿದ."

ಒಂದು ಗೋಲಿನಿಂದ ಯಾರ ಮನೆಯೂ ಮುಳುಗಲ್ಲ, ಹೊಟ್ಟೆಗೆ ಸರಿಯಾಗಿ ತಿನ್ನು, ಎಂದು ಫೋನನ್ನು ಮಗನಿಗೆ ಕೊಟ್ಟರು. ಇವರು, ನಾಳೆ ನಾನು, ಎಂದರು. ನಾಳೆ ಅತ್ತೆಯ ರಕ್ತ ಪರೀಕ್ಷೆ, ನೆನಪಿದೆ, ಬರೀ ಹೊಟ್ಟೆಯಲ್ಲಿ ಕರೆದುಕೊಂಡು ಹೋಗಿ, ಚೀಟಿ ಫ್ರಿಜ್ಜಿನ ಮೇಲಿದೆ, ಎಂದೆ. ಹೂಂ ಎಂದಷ್ಟೇ ಹೇಳಿ ಫೋನ್ ಇಟ್ಟರು. ನನ್ನ ಬಗ್ಗೆ ಚಿಂತೆ ಇರಬೇಕು.

ಜೂನ್ 12, ಶುಕ್ರವಾರ

ಮೇಡಂ ನನಗೊಂದು ಶಿಕ್ಷೆ ಕೊಟ್ಟಿದ್ದಾರೆ. ಅವರು ಅದನ್ನು ಅಭ್ಯಾಸ ಎಂದು ಕರೆದರು. ಬೆಳಿಗ್ಗೆ ಎರಡು ತಂಡಗಳು ತಮ್ಮತಮ್ಮಲ್ಲೇ ಪ್ರಾಕ್ಟೀಸ್ ಪಂದ್ಯ ಆಡುವಾಗ ಗೆರೆಯ ಹೊರಗೆ ನಿಲ್ಲಬೇಕು. ಸೀಟಿ ಇಲ್ಲ. ಅದನ್ನು ಅವರೇ ಇಸಿದುಕೊಂಡು ಜೇಬಿಗೆ ಹಾಕಿಕೊಂಡರು. ತಪ್ಪು ಕಂಡಾಗ ಮನಸ್ಸಿನಲ್ಲಿ ಒಂದು ಎಂದು ಎಣಿಸಿ, ಆಮೇಲೆ ನೋಡಬೇಕು. ಆಮೇಲೂ ಊದಬೇಕು ಅನ್ನಿಸಿದರೆ ಪುಸ್ತಕದಲ್ಲಿ ಗೀಟು ಎಳೆಯಬೇಕು, ಇಲ್ಲದಿದ್ದರೆ ಆ ಜಾಗ ಖಾಲಿ ಬಿಡಬೇಕು.

ಮೊದಲ ಕಾಲು ಗಂಟೆ ಮೈಯೆಲ್ಲ ತುರಿಸಿದ ಹಾಗಾಯಿತು. ತಪ್ಪುಗಳು ಕಣ್ಣೆದುರೇ ನಡೆದು, ಯಾರ ಅಪ್ಪಣೆಯೂ ಇಲ್ಲದೆ ಮುಂದೆ ಹೋಗುತ್ತಿದ್ದವು. ಕಾಲಿಗೆ ತಗುಲಿದ ಚೆಂಡು, ಒಂದು, ಅಷ್ಟರಲ್ಲಿ ಅದೇ ತಂಡದ ಇನ್ನೊಬ್ಬಳಿಗೆ ಸಿಕ್ಕಿತ್ತು. ಸ್ಟಿಕ್ಕಿಗೆ ಸ್ಟಿಕ್ಕು ಬಡಿಯಿತು, ಒಂದು, ಬಡಿಸಿಕೊಂಡವಳು ಆಗಲೇ ತಪ್ಪಿಸಿಕೊಂಡು ಮುಂದೆ ಓಡಿದ್ದಳು. ನಲವತ್ತಮೂರು ತಪ್ಪು ಕಂಡೆ. ಗೀಟು ಬಿದ್ದದ್ದು ಇಪ್ಪತ್ತನಾಲ್ಕು. ಮಿಕ್ಕ ಹತ್ತೊಂಬತ್ತು ತಾವಾಗಿಯೇ ಸರಿಹೋದವು. ಇಪ್ಪತ್ತು ವರ್ಷದಲ್ಲಿ ಇಂಥವು ಎಷ್ಟಿದ್ದವೋ. ಲೆಕ್ಕ ಮಾಡಹೋಗಲಿಲ್ಲ.

ಪುಸ್ತಕ ತೋರಿಸಿದೆ. ಮೇಡಂ ಗೀಟು ಬಿದ್ದ ಕಡೆ ನೋಡಲೇ ಇಲ್ಲ, ಖಾಲಿ ಬಿಟ್ಟ ಜಾಗಗಳನ್ನು ನೋಡಿದರು. ಆಮೇಲೆ ಸೀಟಿ ವಾಪಸು ಕೊಟ್ಟರು.

ಮಧ್ಯಾಹ್ನ ಇವರ ಫೋನು. ಬೆಳಗಿನಿಂದ ಎಣಿಸಿ ಎಣಿಸಿ ತಲೆ ಅದೇ ಗುಂಗಿನಲ್ಲಿತ್ತು, ಅರ್ಧ ಕಿವಿಯಲ್ಲಿ ಕೇಳುತ್ತಿದ್ದೆ. ನಿನ್ನೆ, ಎಂದು ನಿಂತರು. ನಾನು ಕಿಟಕಿಯಿಂದ ಹೊರಗೆ ನೋಡುತ್ತಿದ್ದೆ. ಕೆಳಗೆ ಒಬ್ಬ ಎರಡು ಕಾರುಗಳ ನಡುವೆ ತನ್ನ ಕಾರನ್ನು ತೂರಿಸಲು ಹಿಂದೆ ಮುಂದೆ ಮಾಡುತ್ತಿದ್ದ. ಅವನು ನಿಲ್ಲಿಸಿ ಇಳಿಯುವ ಹೊತ್ತಿಗೆ ಇವರ ವಾಕ್ಯವೂ ಮುಗಿಯಿತು. ನಿನ್ನೆ ಮೊದಲನೇ ಕ್ಲಾಸು ಆಯಿತಂತೆ.

ಯಾವ ಕ್ಲಾಸು? ಬೈಂಡಿಂಗ್ ಕ್ಲಾಸು. ಬೇಡ ಅಂದಿದ್ರಲ್ಲ, ಎಂದೆ.

"ನಾನಲ್ಲ. ನೀನು ಅಂದಿದ್ದು."

ನನಗೆ ಸಿಟ್ಟು ಬಂತು. ಇಷ್ಟು ದೊಡ್ಡ ವಿಷಯ ಮನೆಯವಳಿಗೆ ಹೇಳಬಾರದೇ? ಬುಧವಾರ ಹೇಳಲು ಹೊರಟಿದ್ದರಂತೆ. ಇರಬಹುದು. ಅವರ ನೆನಪು ಸ್ವಲ್ಪ ಹಾಗೆಯೇ.

ಆದರೆ ಕಥೆ ಚೆನ್ನಾಗಿತ್ತು. ಹದಿನಾರು ಜನ ಬಂದಿದ್ದರು. ಮೊದಲು ತಮ್ಮ ಹೆಸರು ಹೇಳಬೇಕಲ್ಲ, ಅದೇ ಸಿಕ್ಕಿಹಾಕಿಕೊಂಡಿತು. ಎದುರು ಸಾಲಿನ ಮುದುಕರೊಬ್ಬರು ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡರೂ ಹೆಸರು ಹೊರಗೆ ಬಂದಿರಲಿಲ್ಲ. ಬಂದಾಗ ಆ ಮುದುಕರು, ಇಷ್ಟು ಸಣ್ಣ ಹೆಸರಿಗಾ, ಎಂದರಂತೆ. ಎಲ್ಲರೂ ನಕ್ಕರು. ಇವರೂ ನಕ್ಕರು. ಆಮೇಲೆ ಮೇಣ ಹಚ್ಚಿದ ದಾರ ಹೇಗೆ ಎಳೆಯಬೇಕು, ಬಿಗಿ ಹೆಚ್ಚಾದರೆ ಹಾಳೆ ಹೇಗೆ ಹರಿಯುತ್ತದೆ, ಕಡಿಮೆಯಾದರೆ ಪುಸ್ತಕ ಹೇಗೆ ಬಾಯಿ ಬಿಡುತ್ತದೆ, ಎಂದು ನನಗೂ ಪಾಠ ಮಾಡಿದರು. ಫೋನ್ ಇಟ್ಟಾಗ ನಲವತ್ತು ನಿಮಿಷ ಆಗಿತ್ತು. ಕಿವಿ ಬಿಸಿಯಾಗಿತ್ತು. ಇವರು ದಾರದ ಬಗ್ಗೆ ಇಷ್ಟು ಯೋಚಿಸುತ್ತಾರೆಂದು ನನಗೆ ಗೊತ್ತಿರಲಿಲ್ಲ.

ಜೂನ್ 13, ಶನಿವಾರ

ಬಾಗಿಲ ಪಟ್ಟಿಯಲ್ಲಿ ಹೆಸರಿದೆ. ನಾಳೆ ಬೆಳಿಗ್ಗೆ ಹತ್ತೂವರೆ, ಏಳನೆಯ ಸ್ಥಾನಕ್ಕೆ. ಬಿಳಿ ತಂಡ ಮತ್ತು ನೀಲಿ ತಂಡ. ನಾನು, ಚಿಕ್ಕವಳು.

ಓಡಿಹೋಗಿ ಮೇಡಂ ಬಾಗಿಲು ತಟ್ಟಿದೆ. ಬೇರೆ ಯಾವುದಾದರೂ ಕೊಡಿ ಎನ್ನಬೇಕೆಂದಿದ್ದೆ. ಅವರು ಬಟ್ಟೆ ಮಡಚುತ್ತಿದ್ದರು.

"ನೀಲಿ ಕೋಚ್‌ಗೆ ಹೇಳಿದೀನಿ. ಬೇಡ ಅನ್ನೋ ಹಕ್ಕು ಅವರಿಗಿಲ್ಲ, ಆದ್ರೂ ಹೇಳಿದೆ. ನಕ್ಕ. ಅವಳು ಎಲ್ಲಿ ಬೇಕಾದ್ರೂ ನಿಲ್ಲಲಿ, ನಮ್ಮ ಹುಡುಗೀರು ಗೋಲು ಹೊಡೆದ್ರೆ ತಾನೇ, ಅಂದ."

ನಾನು ಬಾಗಿಲಲ್ಲೇ ನಿಂತಿದ್ದೆ. ಒಂದು ಮಾತು ನೆನಪಿರಲಿ, ಎಂದರು ಅವರು ಟವೆಲ್ ಕೊಡವುತ್ತ. ತಪ್ಪು ಕಂಡ ಮೇಲೂ ಆಡಲು ಬಿಟ್ಟೆವು ಅನ್ನಿ. ಬಿಟ್ಟದ್ದು ಫಲಿಸದಿದ್ದರೆ ಹಿಂದಕ್ಕೆ ಬಂದು ಕಾರ್ನರ್ ಕೊಡುವಂತಿಲ್ಲ. ಒಂದೇ ತಪ್ಪಿಗೆ ಎರಡು ಅವಕಾಶ ಇಲ್ಲ. ಬಿಡುವುದು ಪುಕ್ಕಟೆಯಲ್ಲ.

ಗೊತ್ತು, ಎಂದೆ. ನಿಯಮ ಗೊತ್ತಿತ್ತು. ಅದಕ್ಕೇ ಇಷ್ಟು ವರ್ಷ ಬಿಡುತ್ತಿರಲಿಲ್ಲವೇನೋ.

ಜೂನ್ 14, ಭಾನುವಾರ

ಏಳನೆಯ ಸ್ಥಾನದ ಪಂದ್ಯ ನೋಡಲು ಯಾರು ಬರುತ್ತಾರೆ? ಗ್ಯಾಲರಿಯಲ್ಲಿ ಆಟಗಾರ್ತಿಯರ ಅಪ್ಪ ಅಮ್ಮಂದಿರು, ಬೇರೆ ತಂಡಗಳ ನಾಲ್ಕು ಜನ, ತೊಟ್ಟಿಲು ಗಾಡಿಯಲ್ಲಿ ಒಂದು ಮಗು. ಮಾತೆಲ್ಲ ಕೆಳಗೆ ಕೇಳುತ್ತಿತ್ತು. ನಾನು ಗೆರೆ ದಾಟಿ ಒಳಗೆ ಬಂದಾಗ ನೀಲಿಯ ಕಡೆಯ ಹೆಂಗಸೊಬ್ಬಳು ಪಕ್ಕದವಳಿಗೆ, ಅವಳೇ ನೋಡು, ಎಂದಳು.

ಎರಡನೆಯ ಕ್ವಾರ್ಟರಿನಲ್ಲಿ ಬಿಳಿಯವರು ಒಂದು ಗೋಲು ಹೊಡೆದ ಮೇಲೆ ಗೋಲಿನ ಲೆಕ್ಕ ಅಲ್ಲೇ ನಿಂತಿತು. ಎಲ್ಲರಿಗೂ ಕಾಲು ಭಾರ. ಸೀಟಿ ನನ್ನ ಕೈಯಲ್ಲಿತ್ತು, ಬೆವರಿಗೆ ಒದ್ದೆ. ಚಿಕ್ಕವಳು ರೇಡಿಯೊದಲ್ಲಿ ಇಡೀ ಇಡೀ ವಾಕ್ಯ ಮಾತಾಡುತ್ತಿದ್ದಳು. ಮಧ್ಯಂತರದಲ್ಲಿ, ಏನಕ್ಕ, ಇವತ್ತು ನಿಮ್ಮ ರೇಡಿಯೊ ಕೆಟ್ಟಿದೆಯಾ, ಎಂದು ಕೇಳಿದಳು. ಇಲ್ಲವಲ್ಲ, ಚೆನ್ನಾಗಿ ಕೇಳಿಸುತ್ತಿದೆ, ಎಂದೆ.

ಕೊನೆಯ ನಾಲ್ಕು ನಿಮಿಷ. ಹನ್ನೊಂದು ಚೆಂಡು ಹಿಡಿದು ನನ್ನ ಸರ್ಕಲ್ಲಿಗೆ ಬಂದಳು. ವೇಗವೇನಿರಲಿಲ್ಲ, ಆ ಮೊಣಕಾಲಿನಲ್ಲಿ ಎಲ್ಲಿಂದ ಬರಬೇಕು. ಬಿಳಿಯ ಡಿಫೆಂಡರ್ ಪಕ್ಕದಿಂದ ಸ್ಟಿಕ್ ಬೀಸಿದಳು. ಅದು ಚೆಂಡಿಗೆ ತಾಗಲಿಲ್ಲ, ಹನ್ನೊಂದರ ಸ್ಟಿಕ್ಕಿಗೆ ಬಡಿಯಿತು. ಬಡಿದದ್ದು ಗ್ಯಾಲರಿಯ ಮಗುವಿಗೂ ಕೇಳಿಸಿರಬೇಕು. ಅನುಮಾನವೇ ಇಲ್ಲದ ಕಾರ್ನರ್. ಕೈ ಮೇಲೆದ್ದಿತು. ಬಾಯಿಯ ಮಟ್ಟಕ್ಕೆ ಬಂದಾಗ ನೋಡಿದೆ, ಅವಳು ಮುಗ್ಗರಿಸಿದ್ದಳು, ಬಿದ್ದಿರಲಿಲ್ಲ. ಚೆಂಡು ಅವಳ ಮುಂದೆ ಒಂದು ಮಾರು ದೂರದಲ್ಲಿ ಉರುಳುತ್ತಿತ್ತು. ಕೈ ಅಲ್ಲೇ ನಿಂತಿತು. ಇನ್ನೊಂದು ಕೈ ತಾನಾಗಿ ಮುಂದೆ ಚಾಚಿಕೊಂಡಿತು. ಆಡಲಿ ಎಂಬ ಸನ್ನೆ ಅದು. ನೀಲಿ ತಂಡದವರು ಕಾರ್ನರ್, ಕಾರ್ನರ್ ಎಂದು ಕೂಗುತ್ತ ನಿಂತೇಬಿಟ್ಟಿದ್ದರು, ನಾನು ಊದಿಯೇ ಊದುತ್ತೇನೆ ಎಂಬ ನಂಬಿಕೆಯಲ್ಲಿ. ಅವಳೊಬ್ಬಳು ನಿಲ್ಲಲಿಲ್ಲ. ಮೂರು ಹೆಜ್ಜೆ. ಗೋಲ್‌ಕೀಪರ್ ಮುಂದೆ ಬಂದು ಮೈ ಚೆಲ್ಲಿದಳು. ಹನ್ನೊಂದು ಅವಳನ್ನು ಸುತ್ತಿ ಹೋದಳು. ಎದುರಿಗೆ ಬರೀ ಗೋಲು, ಒಳಗೆ ಹಲಗೆ, ಬೇರೆ ಯಾರೂ ಇಲ್ಲ. ಹೊಡೆದಳು.

ಕಂಬಕ್ಕೆ ಬಡಿದು ಹೊರಗೆ ಹೋಯಿತು.

ಆಮೇಲೆ ಗಲಾಟೆ. ನೀಲಿಯ ಕ್ಯಾಪ್ಟನ್ ನನ್ನ ಮುಖದ ಹತ್ತಿರ ಬಂದು ಕಾರ್ನರ್ ಕೇಳಿದಳು. ತೀರ್ಪನ್ನು ವೀಡಿಯೊದಲ್ಲಿ ಮತ್ತೆ ನೋಡಿ ಎಂದು ಕೇಳುವ ಹಕ್ಕನ್ನು ಅವರು ಮೊದಲರ್ಧದಲ್ಲೇ ಕಳೆದುಕೊಂಡಿದ್ದರು. ಆಡಲು ಬಿಟ್ಟಾಗಿದೆ, ಎಂದೆ. ಮೊನ್ನೆ ಬಿಡಬೇಕಿತ್ತು, ಇವತ್ತು ಊದಬೇಕಿತ್ತು, ನಮ್ಮ ಮೇಲೇನು ಹಗೆ ನಿಮಗೆ, ಎಂದಳು. ಹನ್ನೊಂದು ಕ್ಯಾಪ್ಟನ್‌ಳ ತೋಳು ಹಿಡಿದು ಎಳೆದುಕೊಂಡು ಹೋದಳು. ಸೊನ್ನೆ–ಒಂದರಲ್ಲಿ ಸೋತರು. ಎಂಟು ತಂಡಗಳಲ್ಲಿ ಎಂಟನೆಯವರು.

ಪಂದ್ಯ ಮುಗಿದಾಗ ಆಟಗಾರ್ತಿಯರು ಸಾಲಾಗಿ ಬಂದು ಅಂಪೈರುಗಳ ಕೈ ಕುಲುಕುತ್ತಾರೆ. ಮುಟ್ಟಿದ ಹಾಗೆ ಮಾಡಿ ಮುಂದೆ ಹೋಗುವುದು ರೂಢಿ. ಹನ್ನೊಂದು ಸಾಲಿನ ಕೊನೆಯಲ್ಲಿದ್ದಳು. ಕೈ ಕೊಟ್ಟೆ. ಬಿಡಲಿಲ್ಲ. ನಾನೋ ಅವಳೋ, ಯಾರು ಬಿಡಲಿಲ್ಲವೋ. ಮೇಡಂ ಮೇಜಿನ ಹತ್ತಿರದಿಂದ ನೋಡುತ್ತಿದ್ದರು.

"ಆವತ್ತು ನಾನು ಅವಸರ ಮಾಡಿದೆ," ಎಂದೆ.

ಅವಳು ತಲೆಯಾಡಿಸಿದಳು. ಏನೋ ಹೇಳುವವಳಿದ್ದಳು, ಉಸಿರು ಸಾಲಲಿಲ್ಲ. ಬಾಯಿ ಒರೆಸಿಕೊಂಡಳು. ನಾನು ಅವಳ ಅಂಗಿಯ ಮೇಲಿನ ನಂಬರು ನೋಡುತ್ತ ನಿಂತೆ.

"ಆವತ್ತಿನ ಗೋಲು ನಂದೇ ಅಂತ ಇವತ್ತಿಗೂ ಅಂದ್ಕೊಂಡಿದೀನಿ," ಎಂದಳು ಕೊನೆಗೆ. "ಇವತ್ತಿನದು ಕಂಬಕ್ಕೆ ಹೊಡೆದಿದ್ದೂ ನಾನೇ. ಮೊಮ್ಮಕ್ಕಳಿಗೆ ಹೇಳುವಾಗ ನಿಮ್ಮ ಹೆಸರು ಬೇಕಾಗಲ್ಲ." ಆಮೇಲೆ ನಕ್ಕಳು. "ಮೊಣಕಾಲಿನ ಹೆಸರು ಹೇಳ್ತೀನಿ."

ಕುಂಟುತ್ತ ಹೋದಳು.

ಮೇಡಂ ಹತ್ತಿರ ಹೋದೆ. ಆಟಗಾರ್ತಿಯ ಜೊತೆ ಮಾತಾಡಿದ್ದಕ್ಕೆ ವರದಿಯಲ್ಲಿ ಬರೆಯುತ್ತಾರೆಂದು ಸಿದ್ಧಳಾಗಿದ್ದೆ. ಅವರು ಆ ವಿಷಯ ಎತ್ತಲಿಲ್ಲ. ಕಾರ್ನರ್ ಕೊಟ್ಟಿದ್ದರೆ ಗೋಲಾಗುತ್ತಿತ್ತೇನೋ, ಆಗುತ್ತಿರಲಿಲ್ಲವೇನೋ, ಇವತ್ತು ನೀವು ಮಾಡಿದ್ದು ಸರಿಯೋ ತಪ್ಪೋ ನನಗೂ ತಿಳಿಯುತ್ತಿಲ್ಲ, ಎಂದರು. ನನಗೂ, ಎಂದೆ. ನನ್ನ ಬಾಯಿಂದ ಆ ಮಾತು ಬಂದದ್ದು ಅವರಿಗೆ ವಿಚಿತ್ರವಾಗಿ ಕಂಡಿರಬೇಕು, ಕನ್ನಡಕ ಸರಿಮಾಡಿಕೊಂಡು ನೋಡಿದರು.

ಫೈನಲ್ ನೋಡಲು ಗ್ಯಾಲರಿಯಲ್ಲಿ ಕೂತೆ. ಯಾರೋ ಗೆದ್ದರು.

ಜೂನ್ 15, ಸೋಮವಾರ

ವಿಮಾನದಲ್ಲಿ ಬರೆಯುತ್ತಿದ್ದೇನೆ. ಕಿಟಕಿಯ ಸೀಟು ಸಿಗಲಿಲ್ಲ. ಪಕ್ಕದವನು ಆಗಲೇ ನಿದ್ದೆ.

ಹತ್ತಿ ಕೂತ ಮೇಲೆ ಮನೆಗೆ ಫೋನ್ ಮಾಡಿದೆ. ಪಂದ್ಯವನ್ನು ಟೀವಿಯಲ್ಲಿ ತೋರಿಸಲಿಲ್ಲವಂತೆ, ಏಳನೆಯ ಸ್ಥಾನದ ಪಂದ್ಯ ಯಾರಿಗೆ ಬೇಕು. ಅತ್ತೆ ಹಿಂದಿನಿಂದ, ಊದಿದ್ಲಾ ಇಲ್ವಾ ಕೇಳು, ಎನ್ನುತ್ತಿದ್ದರು. ಊದಲಿಲ್ಲ ಎಂದೆ. ಹಾಗಾದರೆ ಗೆದ್ದರಾ ಎಂದರು. ಇಲ್ಲ, ಸೋತರು. ಮತ್ತೆ ಊದಬಾರದಿತ್ತಾ, ಎಂದು ಅವರು ಒಳಗೆ ಹೋದರು.

ಇವರು ಎರಡನೆಯ ಕ್ಲಾಸಿಗೆ ರಟ್ಟು ಕತ್ತರಿಸುತ್ತ ಕೂತಿದ್ದರು. ಕತ್ತರಿಯ ಸದ್ದು ಫೋನಿನಲ್ಲಿ ಬರುತ್ತಿತ್ತು. ನಡುವೆ ಅದು ನಿಂತಿತು.

"ನೀನು ಬಂದ ಮೇಲೆ ನಾವು," ಎಂದರು.

ಆಮೇಲೆ ಮಾತು ಬರಲಿಲ್ಲ. ಉಸಿರು ಕೇಳಿಸುತ್ತಿತ್ತು. ಗಗನಸಖಿ ಬಂದು ಫೋನ್ ಆರಿಸಿ ಎಂದಳು. ಇರು ಎಂದು ಅವಳಿಗೆ ಕೈ ತೋರಿಸಿದೆ. ಅವಳು ಎರಡನೆಯ ಸಲ ಹೇಳಿದಳು, ಸ್ವಲ್ಪ ಗಟ್ಟಿಯಾಗಿ. ಇನ್ನೊಂದು ಕ್ಷಣ, ಎಂದೆ. ವಿಮಾನ ಹಿಂದಕ್ಕೆ ಸರಿಯತೊಡಗಿತು. ಉಸಿರಿನ ಸದ್ದು ತುಂಡಾಯಿತು. ಫೋನ್ ನೋಡಿದರೆ ಸಿಗ್ನಲ್ ಇರಲಿಲ್ಲ.

ಇಳಿಯಲು ಇನ್ನು ಆರು ಗಂಟೆ. ಆವಾಗಿನಿಂದ ಆ ಮಾತನ್ನು ಹಿಡಿದುಕೊಂಡು ಕೂತಿದ್ದೇನೆ. ಮನೆ ಬದಲಿಸುವ ಮಾತೋ, ಅತ್ತೆಯ ವಿಷಯವೋ, ನನ್ನ ವಯಸ್ಸಿನ ಮಿತಿಯ ವಿಷಯವೋ, ಸುಮ್ಮನೆ ಎಲ್ಲಿಗಾದರೂ ಹೋಗಿ ಬರುವುದೋ. ಯಾವುದನ್ನು ಇಟ್ಟು ನೋಡಿದರೂ ಕೂರುವುದಿಲ್ಲ. ದಣಿವಿರಬೇಕು.

ನಾನು ಬಂದ ಮೇಲೆ ನಾವು ಏನು ಮಾಡೋಣ ಅಂತಿದ್ರಿ?